ವಿಷಾನಿಲದ ಮುಂದೆ ಸ್ವಯಂಸೇವಕ: ಮರುತರಬೇತಿ ಪ್ರತಿವರ್ಷ ಏಕೆ?

ಪ್ರತಿ ವರ್ಷ ಏಪ್ರಿಲ್ 14ರಂದು ದೇಶಾದ್ಯಂತ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. ಈ ದಿನಾಚರಣೆಗೆ ಕಾರಣವಾದ ದುರಂತವು ನಾವು ಅನ್ನ ಅರಸಿ ಬಂದ ಈ ಮುಂಬಯಿಯಲ್ಲೇ ಸಂಭವಿಸಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1944ರಲ್ಲಿ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ ಸುಮಾರು 1,400 ಟನ್ನುಗಳಷ್ಟು ಸ್ಫೋಟಕ ಸಾಮಗ್ರಿಯೂ ಒಟ್ಟಿಗೇ ಇದ್ದವು. ಹತ್ತಿಗೆ ಬೆಂಕಿ ತಗುಲಿತು. ಸಂಜೆ ನಾಲ್ಕು ಗಂಟೆ ಕಳೆದ ಮೇಲೆ ಅರ್ಧ ತಾಸಿನ ಅಂತರದಲ್ಲಿ ಎರಡು ಬಾರಿ ಸಿಡಿದ ಆ ಹಡಗು, ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯನ್ನು ಬಲಿ ತೆಗೆದುಕೊಂಡಿತು. ಉರಿಯುತ್ತಿರುವುದು ಏನು, ಅದರ ಪಕ್ಕದಲ್ಲಿರುವುದು ಏನು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಈ ವೃತ್ತಿಯ ಮೊದಲನೆಯ ಪ್ರಶ್ನೆಯಾಗಿ ಉಳಿದಿದೆ.

ಮುಂಬಯಿಯ ಅಗ್ನಿಶಾಮಕ ದಳವು ಮಹಾನಗರಪಾಲಿಕೆಯ ಸಂಬಳದ ಸೇವೆ. ಆದರೆ ದಳದ ಗಾಡಿ ಬಂದು ನಿಲ್ಲುವ ಮೊದಲಿನ ಹತ್ತು ನಿಮಿಷಗಳಲ್ಲಿ ಸ್ಥಳದಲ್ಲಿರುವವರು ಬೇರೆ: ನಾಗರಿಕ ರಕ್ಷಣಾ ದಳದ ಸ್ವಯಂಸೇವಕರು, ಕಾರ್ಖಾನೆಯ ಸಹಾಯಕ ತಂಡದವರು, ಸೊಸೈಟಿಯ ಕಾವಲುಗಾರ, ನಮ್ಮ ಹೋಟೆಲುಗಳ ಹುಡುಗರು. ಚೆಂಬೂರು, ಮಾಹುಲ್, ಟ್ರಾಂಬೆಗಳ ಪಟ್ಟಿಯಲ್ಲಿ ತೈಲ ಶುದ್ಧೀಕರಣಾಗಾರಗಳೂ ರಸಗೊಬ್ಬರದ ಕಾರ್ಖಾನೆಯೂ ಜನವಸತಿಯ ಮಗ್ಗುಲಲ್ಲೇ ಇವೆ. 1984ರ ಭೋಪಾಲ ದುರಂತದ ತರುವಾಯ, 1989ರಲ್ಲಿ ಕೇಂದ್ರ ಸರಕಾರವು ರೂಪಿಸಿದ ನಿಯಮಗಳ ಪ್ರಕಾರ ಇಂತಹ ಕಾರ್ಖಾನೆಯ ಒಳಗೆ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಯಬೇಕು. ಆವರಣದ ಹೊರಗಿನ ಜನತೆಗಾಗಿ ಸಿದ್ಧಪಡಿಸಿದ ಯೋಜನೆಯ ತಾಲೀಮು ವರ್ಷಕ್ಕೊಮ್ಮೆಯಾದರೂ ಆಗಬೇಕು. ಅಮೆರಿಕದಲ್ಲಿ ಅಗ್ನಿಶಾಮಕರ ಪೈಕಿ ಹೆಚ್ಚಿನವರು ಸ್ವಯಂಸೇವಕರೇ. ಅಲ್ಲಿಯೂ ಅಪಾಯಕಾರಿ ವಸ್ತುಗಳ ಅವಘಡಗಳಿಗೆ ಧಾವಿಸುವವರಿಗೆ ವಾರ್ಷಿಕ ಮರುತರಬೇತಿಯನ್ನು ವಿಧಿಸಲಾಗಿದೆ.

ಒಮ್ಮೆ ಕಲಿತದ್ದನ್ನು ಪುನಃ ಏಕೆ ಕಲಿಯಬೇಕು? ಬ್ಯಾಂಕಿನಲ್ಲಿ ನಾವು ದಿನವೂ ಮಾಡುವ ಕೆಲಸ ಕೈಗೆ ತಾನಾಗಿ ಒಗ್ಗುತ್ತದೆ. ಆದರೆ ವಿಷಾನಿಲದ ಸೋರಿಕೆಯನ್ನು ಸ್ವಯಂಸೇವಕನು ತನ್ನ ಆಯುಷ್ಯದಲ್ಲಿ ಒಮ್ಮೆಯೂ ಕಾಣದಿರಬಹುದು. ಬಳಕೆಯಿಲ್ಲದ ವಿದ್ಯೆ ಬೇಗ ಮಾಸುತ್ತದೆ. ಕಂಡಂದು ಮಾತ್ರ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಟ್ಯಾಂಕರಿನ ಫಲಕವನ್ನು ಓದುವುದನ್ನೇ ನೋಡೋಣ. ಪೂರ್ವ ದ್ರುತಗತಿ ಹೆದ್ದಾರಿಯಲ್ಲಿ ಸಾಗುವ ಟ್ಯಾಂಕರುಗಳ ಮೈಮೇಲೆ ಬರೆದಿರುವ ನಾಲ್ಕಂಕಿಯ ಸಂಖ್ಯೆಯು ವಿಶ್ವಸಂಸ್ಥೆಯು ಆ ವಸ್ತುವಿಗೆ ಕೊಟ್ಟ ಗುರುತು. 1203 ಎಂದರೆ ಪೆಟ್ರೋಲು, 1005 ಅಮೋನಿಯಾ, 1017 ಕ್ಲೋರಿನ್, 1075 ಅಡಿಗೆ ಅನಿಲ. ಖಾತೆಯ ಸಂಖ್ಯೆಯಿಂದ ಗ್ರಾಹಕನ ಜಾತಕ ತೆರೆಯುವಂತೆಯೇ ಇದು! ಅದರ ಜೊತೆಗಿರುವ ಸಂಕೇತ ಇನ್ನೂ ಉಪಯುಕ್ತವಾದುದು. ಪೆಟ್ರೋಲಿನ ಟ್ಯಾಂಕರಿನ ಮೇಲೆ ‘3 ವೈ ಇ’ ಎಂದಿದ್ದರೆ, 3 ಎಂಬುದು ನೀರಿನ ಧಾರೆಯಲ್ಲ, ನೊರೆಯನ್ನು ಬಳಸಿರೆಂದು ಹೇಳುತ್ತದೆ. ‘ವೈ’ ಎಂಬುದು ಹಿಂಸಾತ್ಮಕ ಪ್ರತಿಕ್ರಿಯೆ ಸಂಭವನೀಯ, ಉಸಿರಾಟದ ಸಾಧನ ಧರಿಸಿರಿ, ದ್ರವವನ್ನು ಮೋರಿಗೆ ಹರಿಯಗೊಡಬೇಡಿರಿ ಎಂಬ ಮೂರು ಆಜ್ಞೆಗಳನ್ನು ಒಂದೇ ಅಕ್ಷರದಲ್ಲಿ ಅಡಗಿಸಿದೆ. ‘ಇ’ ಎಂದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ವಿಚಾರ ಮಾಡಿರಿ. ಇಷ್ಟನ್ನು ದೂರದಿಂದಲೇ ಓದಿ 101ಕ್ಕೆ ತಿಳಿಸಿದ ಸ್ವಯಂಸೇವಕನು, ಬಕೆಟ್ಟು ಹಿಡಿದು ಓಡಿದವನಿಗಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲನು.

ಅನಿಲಗಳ ಸ್ವಭಾವವೂ ಒಂದೇ ರೀತಿಯದಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಸರಿಯಬೇಕು. ಹೋಟೆಲಿನ ಅಡಿಗೆ ಅನಿಲವೂ ಭಾರವಾದುದೇ. ಸೋರಿಕೆಯಾದಾಗ ದೀಪದ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಮಂಜುಗಡ್ಡೆಯ ಕಾರ್ಖಾನೆಗಳ ಅಮೋನಿಯಾ ಹಗುರವಾದುದಾದರೂ, ಒತ್ತಡದಿಂದ ಚಿಮ್ಮಿದಾಗ ತಣ್ಣನೆಯ ಮಂಜಿನಂತೆ ನೆಲಕ್ಕೆ ಅಂಟಿಕೊಂಡು ಹರಿಯಬಲ್ಲುದು. ಅದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ಹೊರಬರುವುದು ಅಲ್ಪಸ್ವಲ್ಪ ರಕ್ಷಣೆ ಕೊಡುತ್ತದೆ. ಒಳಹೋಗುವುದಕ್ಕೆ ಅದು ಪರವಾನಗಿಯಲ್ಲ. ಚರಂಡಿಯ ಗುಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಇವೆಲ್ಲಕ್ಕಿಂತ ವಂಚಕ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯೇ ಉಡುಗಿ, ವಾಸನೆ ಹೋಯಿತು, ಅಪಾಯ ಕಳೆಯಿತು ಎಂಬ ಭ್ರಮೆ. ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಮೂವರೂ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿಲ್ಲ!

ಉಸಿರಾಟದ ಸಾಧನದ ಅಭ್ಯಾಸಕ್ಕೆ ಮರುತರಬೇತಿಯಲ್ಲಿ ಹೆಚ್ಚು ವೇಳೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಅದರ ಸಿಲಿಂಡರಿನ ಮೇಲೆ ನಮೂದಿಸಿದ ಅವಧಿ ಶಾಂತವಾಗಿ ಉಸಿರಾಡುವವನ ಲೆಕ್ಕ. ಏದುಸಿರು ಬಿಡುವವನಿಗೆ ಅದು ಬೇಗ ಮುಗಿಯುತ್ತದೆ. ಗಡ್ಡವಿದ್ದರೆ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರದು.

2010ರ ಜುಲೈಯಲ್ಲಿ ಶಿವಡಿ ಭಾಗದ ಹಾಜಿ ಬಂದರಿನಲ್ಲಿ, ವರ್ಷಗಳಿಂದ ಯಾರೂ ಬಿಡಿಸಿಕೊಳ್ಳದೆ ಬಿದ್ದಿದ್ದ ಸಿಲಿಂಡರುಗಳಿಂದ ಕ್ಲೋರಿನ್ ಸೋರಿ, ಸಮೀಪದ ವಿದ್ಯಾರ್ಥಿಗಳೂ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ತರಬೇತಿ ಹೊಂದಿದ ವೃತ್ತಿನಿರತರ ಪಾಡೇ ಹೀಗಾದರೆ ಬರಿಗೈಯ ಸ್ವಯಂಸೇವಕನ ಕರ್ತವ್ಯದ ಎಲ್ಲೆ ಎಲ್ಲಿಯವರೆಗೆ? ಗುರುತಿಸುವುದು, ತಿಳಿಸುವುದು, ಜನರನ್ನು ದೂರ ಕಳುಹಿಸುವುದು, ಅಷ್ಟೇ. ಸೋರಿಕೆಯ ಬಾಯಿ ಮುಚ್ಚುವುದು ಸಂಪೂರ್ಣ ರಕ್ಷಾಕವಚ ಧರಿಸಿದ ತಜ್ಞರ ಕೆಲಸ. ‘ಹೇಡಿ’ ಎಂದು ಯಾರಾದರೂ ಹಂಗಿಸಿದರೆ ಹಂಗಿಸಲಿ.

ಹೊರತಂದ ವ್ಯಕ್ತಿಯ ಮೈಮೇಲಿನ ಬಟ್ಟೆಗಳನ್ನು ಕೂಡಲೇ ಕಳಚಿ, ಚರ್ಮಕ್ಕೂ ಕಣ್ಣಿಗೂ ಕನಿಷ್ಠ ಹದಿನೈದು ನಿಮಿಷ ಧಾರಾಳ ನೀರು ಹಾಯಿಸಬೇಕು. ಕ್ಲೋರಿನ್ ಸೇವಿಸಿದವನು ‘ಈಗ ಹಾಯಾಗಿದ್ದೇನೆ’ ಎಂದರೂ ಮನೆಗೆ ಕಳುಹಿಸಬಾರದು. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಹಲವು ಗಂಟೆಗಳ ನಂತರವೂ ತಲೆದೋರಬಹುದು. ಆಸ್ಪತ್ರೆಗೆ ಕರೆದೊಯ್ಯುವಾಗ ಫಲಕದ ಆ ನಾಲ್ಕಂಕಿಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಬೇಕು.