ಕಿಲ್ಟ್ ಮೇಲೆ ಯಾವ ಜಾಕೆಟ್?

ಸ್ಕಾಟ್ಲೆಂಡಿನ ಕಿಲ್ಟ್ ಮೇಲೆ ಪ್ಲೇಸ್‌ಮೆಂಟ್ ಸೂಟಿನ ಕೋಟು ಹಾಕಿದ್ರಾಯ್ತು ಅಂತ ನಾವು ಅಂದ್ಕೋಬಹುದು. ಆದ್ರೆ ಅದು ಹೊಂದಲ್ಲ. ಕಿಲ್ಟ್ ಕಟ್ಟೋದು ಪ್ಯಾಂಟಿಗಿಂತ ಮೇಲೆ, ಹೊಕ್ಕುಳಿನ ಮಟ್ಟಕ್ಕೆ. ಮುಂದೆ ಸ್ಪೊರನ್ ಎಂಬ ಚೀಲ, ಹಿಂದೆ ನೆರಿಗೆ. ಉದ್ದನೆಯ ಕೋಟು ಎರಡನ್ನೂ ಮುಚ್ಚಿಬಿಡುತ್ತೆ. ಅದಕ್ಕೇ ಕಿಲ್ಟ್ ಜಾಕೆಟ್ ಗಿಡ್ಡ. ಮುಂಭಾಗವನ್ನು ಸ್ಪೊರನ್‌ಗೆ ಜಾಗ ಬಿಟ್ಟು ಕತ್ತರಿಸಿರ್ತಾರೆ.

ಹಗಲಿನ ಮದುವೆಗೆ ಟ್ವೀಡ್ ಜಾಕೆಟ್, ಟೈ. ರಾತ್ರಿಯ ಔತಣಕ್ಕೆ ಕಪ್ಪು ‘ಪ್ರಿನ್ಸ್ ಚಾರ್ಲಿ’, 3 ಗುಂಡಿಯ ವೇಸ್ಟ್‌ಕೋಟು, ಬೋ ಟೈ. ಒಂದಕ್ಕೇ ಬಜೆಟ್ ಇದ್ರೆ ಕಪ್ಪು ‘ಆರ್ಗೈಲ್’ ತಗೊಳ್ಳೋದು ಜಾಣತನ: ಹಗಲು ಟೈ, ರಾತ್ರಿ ಬೋ ಟೈ.

ಎಂ.ಎಸ್ಸಿ.ಗೆ ಗ್ಲಾಸ್ಗೋ ಕಡೆ ಹೊರಟಿರೋ ಸೀನಿಯರ್‌ಗಳೇ, ಅಲ್ಲಿ ಗೆಳೆಯರ ಮದುವೆಗೆ ಕಿಲ್ಟ್ ಬಾಡಿಗೆಗೆ ತಗೊಂಡ್ರೆ ಜಾಕೆಟ್ಟನ್ನೂ ಜೊತೆಗೇ ಕೇಳಿ. ಸೂಟು ಇಂಟರ್‌ವ್ಯೂಗೆ ಇರಲಿ.