ಮಕ್ಕಳು ನರ್ಸಿಂಗ್ ಓದಿದರು, ಗುತ್ತಿಗೆ ಕಾಗದ ಓದುವವರು ಯಾರು?

ನಮ್ಮ ಮದ್ರಸದಲ್ಲಿ ಹಿಂದೆ ಕಲಿತಿದ್ದ ಹುಡುಗಿಯೊಬ್ಬಳ ಉಮ್ಮ ಮೊನ್ನೆ ಅಸರ್ ನಮಾಝ್ ಮುಗಿದ ಮೇಲೆ ಒಂದು ಕಾಗದ ಹಿಡಿದುಕೊಂಡು ಬಂದರು. ಮಗಳು ಜಿಎನ್‌ಎಂ ಮುಗಿಸಿದ್ದಾಳೆ. ಕಲಬುರಗಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. "ಉಸ್ತಾದರೇ, ಇದು ಸರ್ಕಾರಿ ಕೆಲಸ ಅಲ್ವಾ? ಇನ್ನು ಅವಳ ಬಗ್ಗೆ ಹೆದರಿಕೆ ಇಲ್ಲ ಅಲ್ವಾ?" ಎಂದು ಕೇಳಿದರು.

ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಪಿಯುಸಿ ಇಂಗ್ಲಿಷ್ ಸಾಲದೆ, ಪಕ್ಕದ ಮನೆಯ ವಕೀಲರನ್ನು ಕೂರಿಸಿಕೊಂಡು ಓದಿದೆವು. ನೇಮಕ ಮಾಡಿದ್ದು ಒಂದು ಹೊರಗುತ್ತಿಗೆ ಏಜೆನ್ಸಿ. ಅವಧಿ 11 ತಿಂಗಳು. ಏಜೆನ್ಸಿಯವರು ಕಾರಣ ಕೊಡದೆ ಯಾವಾಗ ಬೇಕಾದರೂ ತೆಗೆಯಬಹುದು. ಹುಡುಗಿ ನಡುವೆ ಬಿಟ್ಟರೆ ಮಾತ್ರ ಎರಡು ತಿಂಗಳ ಸಂಬಳ ದಂಡ ಕಟ್ಟಬೇಕು. ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಅವರ ಬಳಿ ಇರಬೇಕು. ಪಿಎಫ್ ಎಂಬ ಪದ ಉಂಟು, ಯಾರು ಎಷ್ಟು ಕಟ್ಟುತ್ತಾರೆ ಎಂಬುದಿಲ್ಲ. ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಕಟ್ಟಡ ಸರ್ಕಾರದ್ದು ತಾಯಿ, ಕೆಲಸ ಏಜೆನ್ಸಿಯದ್ದು.

ಆಳಂದ, ಅಫಜಲಪುರ, ಜೇವರ್ಗಿ ಎಂಬ ಹೆಸರುಗಳು ಕರಾವಳಿಯ ನಮ್ಮ ಮನೆಗಳಿಗೆ ದೂರದವು. ಕಲಬುರಗಿಯ ಬಂದೇ ನವಾಝ್ ದರ್ಗಾಕ್ಕೆ, ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೆ ಹೋಗಿ ಬಂದವರಿಗೆ ಸ್ವಲ್ಪ ಗುರುತು. ಆಳಂದ ಮಹಾರಾಷ್ಟ್ರದ ಗಡಿಗೆ ತಾಗಿದೆ. ಅಫಜಲಪುರ, ಜೇವರ್ಗಿ ತಾಲೂಕುಗಳು ಭೀಮಾ ನದಿಯ ದಂಡೆಯವು. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಲ್ಲಿನ ಹಳ್ಳಿಗಳು ಮುಳುಗಿದ್ದವು. ಇಂಥ ಕಡೆ ಖಾಯಂ ಹುದ್ದೆ ಖಾಲಿ ಬಿದ್ದಾಗ ಗುತ್ತಿಗೆಯವರನ್ನು ಹಾಕುತ್ತಾರೆ. ಹಾಗಾಗಿ ಹೊಸದಾಗಿ ಓದು ಮುಗಿಸಿದವರಿಗೆ ಬೇಗ ಸಿಗುವ ಕೆಲಸ ಇದೇ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿದ ನರ್ಸ್‌ಗಳೆಲ್ಲ ನಮಗೆ ಒಂದೇ ರೀತಿ ಕಾಣುತ್ತಾರೆ. ಆದರೆ ಅವರಲ್ಲಿ ಮೂರು ತರದವರುಂಟು: ಖಾಯಂ ಆದವರು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು, ಏಜೆನ್ಸಿ ಮೂಲಕ ಬಂದವರು. ಅಭಿಯಾನದವರ ಗುತ್ತಿಗೆ ವರ್ಷ ವರ್ಷ ನವೀಕರಣ ಆಗಬೇಕು. ಅವರೇ 2023ರ ಫೆಬ್ರವರಿಯಲ್ಲಿ ಖಾಯಮಾತಿ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತಿದ್ದರು. ಏಜೆನ್ಸಿಯವರ ಸ್ಥಿತಿ ಅದಕ್ಕಿಂತಲೂ ಸಡಿಲ.

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ಇದೇ ಕಲಬುರಗಿಯಲ್ಲಿ. ಆಗ ನರ್ಸ್‌ಗಳನ್ನು ಹುಡುಕಿ ಹುಡುಕಿ ತಾತ್ಕಾಲಿಕವಾಗಿ ಕರೆದುಕೊಂಡರು, ಯೋಧರು ಎಂದು ಚಪ್ಪಾಳೆ ತಟ್ಟಿದೆವು. ಅಲೆ ಇಳಿದ ಮೇಲೆ ಅವಧಿ ಮುಗಿಯಿತೆಂದು ಎಷ್ಟೋ ಮಂದಿ ಮನೆಗೆ ಬಂದರು.

"ಹತ್ತು ವರ್ಷ ದುಡಿದರೆ ತನ್ನಿಂತಾನೇ ಖಾಯಂ ಆಗುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಬಹಳ. 2006ರಲ್ಲಿ ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆಯಲ್ಲಿ ದುಡಿದ ಮಾತ್ರಕ್ಕೆ ಖಾಯಮಾತಿ ಹಕ್ಕಾಗುವುದಿಲ್ಲ ಎಂದಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟ್, ವರ್ಷಗಟ್ಟಲೆ ದುಡಿಸಿಕೊಂಡವರನ್ನು ಹೊರಹಾಕಲು ಆ ತೀರ್ಪನ್ನು ನೆಪ ಮಾಡಬಾರದು ಎಂದೂ ಹೇಳಿದೆ. ಆದರೆ ಅದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕು.

ಕರಾವಳಿಯವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಆ ಭಾಗದವರಿಗೆ ಮೀಸಲು. ಆ ನಾಡು ಹಿಂದೆ ಬಿದ್ದದ್ದಕ್ಕೆ ಕೊಟ್ಟ ನ್ಯಾಯ ಅದು. ಹಾಗಾದರೆ ಅಲ್ಲಿ ಮುಂದೆ ಖಾಯಂ ಹುದ್ದೆ ಕರೆದರೂ, ಅಲ್ಲೇ ದುಡಿದ ನಮ್ಮ ಹುಡುಗಿಗೆ ದಾರಿ ಕಿರಿದು.

ಅಲ್ಲಿಯವರ ಪಾಡೂ ಬೇರೆಯಲ್ಲ. ಕಳೆದ ವರ್ಷ ಬಂಧುವೊಬ್ಬರನ್ನು ನೋಡಲು ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದಾಗ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಅಫಜಲಪುರ ಕಡೆಯವರು. "ಕಾಂಟ್ರ್ಯಾಕ್ಟ್ ಮುಗೀತಂದ್ರ ಮರುದಿನದಿಂದ ಖೋಲಿ ಬಾಡಿಗಿ ಯಾರ್ ಕೊಡ್ತಾರ್ರೀ?" ಎಂದರು. ಊರು ಬಿಟ್ಟು ಬಂದವರಿಗೆ ಕೆಲಸ ಹೋದರೆ ಊಟ, ಮಲಗುವ ಜಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಹಾಗೆಂದು ಹೋಗಲೇಬೇಡಿ ಎನ್ನಲು ನಮಗೆ ಬಾಯಿಲ್ಲ. ಗಲ್ಫಿಗೆ ಹೋಗಬೇಕಾದರೆ ಅನುಭವ ಬೇಕು, ಅನುಭವಕ್ಕೆ ಎಲ್ಲಾದರೂ ದುಡಿಯಲೇಬೇಕು. ಸಾಲದ ಮಾತನ್ನು ಬರೆದಿಡಿ ಎಂದು ಕಲಿಸುವುದು ಕುರ್‌ಆನಿನ ಅತಿ ಉದ್ದದ ಆಯತ್. ದುಡಿಮೆಯ ಮಾತೂ ಬರಹದಲ್ಲಿ ಇರಲಿ.

ಸಹಿ ಹಾಕುವ ಮೊದಲು ಇಷ್ಟು ಕೇಳಿ. ಸಂಬಳ ಯಾವ ತಾರೀಕಿಗೆ, ತಡವಾದರೆ ಕೇಳಬೇಕಾದ್ದು ಯಾರನ್ನು? ಪಿಎಫ್‌ಗೆ ಮೂಲ ವೇತನದ ಶೇ. 12 ನೌಕರರದ್ದು, ಅಷ್ಟೇ ಮಾಲೀಕರದ್ದು. ಎರಡನ್ನೂ ನೌಕರರ ಕೈಯಿಂದಲೇ ಕಡಿಯುತ್ತಾರೋ? ಯುಎಎನ್ ನಂಬರ್ ತೆಗೆದುಕೊಂಡು ಪ್ರತಿ ತಿಂಗಳು ಮೊಬೈಲಿನಲ್ಲಿ ಪಾಸ್‌ಬುಕ್ ನೋಡಲಿ. ಅನುಭವ ಪತ್ರಕ್ಕೆ ಸಹಿ ಹಾಕುವುದು ಆಸ್ಪತ್ರೆಯೋ ಏಜೆನ್ಸಿಯೋ? ಗಲ್ಫಿನವರು ಡೇಟಾಫ್ಲೋ ಮೂಲಕ ಆ ಪತ್ರ ಕೊಟ್ಟವರನ್ನೇ ವಿಚಾರಿಸುತ್ತಾರೆ. ಆ ಹೊತ್ತಿಗೆ ಏಜೆನ್ಸಿ ಬಾಗಿಲು ಹಾಕಿದ್ದರೆ ದುಡಿದ ವರ್ಷ ಲೆಕ್ಕಕ್ಕೆ ಬರುವುದು ಕಷ್ಟ. ಮೂಲ ದಾಖಲೆ ಯಾರ ಕೈಗೂ ಬೇಡ, ಜೆರಾಕ್ಸ್ ಕೊಟ್ಟರೆ ಸಾಕು.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಕಾಗದ 11 ತಿಂಗಳಿಗೇ ನಿಂತರೆ ಅದಕ್ಕೂ ಜಗಳಾಡಬೇಕಾದೀತು. ಆದ್ದರಿಂದ ನವೀಕರಣದ ಮಾತೂ ಬರಹದಲ್ಲಿ ಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಸಮಾಧಾನ ಉಂಟು: ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿದೇಶದ ಕಾಗದಕ್ಕಂತೂ ಎರಡು ಪಟ್ಟು ಎಚ್ಚರ ಬೇಕು. ಕುವೈತ್‌ನ ನರ್ಸ್ ಕೆಲಸಕ್ಕೆ 19,500 ರೂ. ಪಡೆಯಬೇಕಿದ್ದ ಕೊಚ್ಚಿಯ ಏಜೆನ್ಸಿಯೊಂದು ತಲಾ 19.5 ಲಕ್ಷ ರೂ. ವಸೂಲಿ ಮಾಡಿದ ಆರೋಪದ ಮೇಲೆ 2015ರಲ್ಲಿ ಸಿಬಿಐ ಪ್ರಕರಣ ದಾಖಲಾಗಿತ್ತು.

ಆ ಹುಡುಗಿಯ ವಿಷಯಕ್ಕೆ ಬರೋಣ. ವಕೀಲರು ಏಜೆನ್ಸಿಗೆ ಫೋನ್ ಮಾಡಿದರು. ಮೂಲ ದಾಖಲೆಯ ಷರತ್ತು ಬಿಟ್ಟರು, ದಂಡವನ್ನು ಒಂದು ತಿಂಗಳಿಗೆ ಇಳಿಸಿದರು. ಕಾರಣ ಕೊಡದೆ ತೆಗೆಯುವ ಸಾಲು ಮಾತ್ರ ಹಾಗೇ ಉಳಿಯಿತು. ಹುಡುಗಿ ಹೊರಟಳು. ಎರಡು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಉಮ್ಮ ಬೇರೆಯೇ ಕಟ್ಟಿ ಕೊಟ್ಟರು. "ಹೋಗ್ಲಿ ಉಸ್ತಾದರೇ, ಗೊತ್ತಿದ್ದೇ ಹೋಗ್ತಾಳಲ್ಲ" ಎಂದರು.

ಪ್ರತಿ ಜಮಾಅತ್‌ನಲ್ಲಿ ಒಬ್ಬ ವಕೀಲರೋ ಹಿರಿಯ ನರ್ಸೋ ತಿಂಗಳಿಗೆ ಒಂದು ದಿನ ಇಂಥ ಕಾಗದ ಓದಿಕೊಡಲು ಕುಳಿತರೆ ಸಾಕು. ಮಗಳನ್ನು ಓದಿಸಲು ಲಕ್ಷ ಲಕ್ಷ ಖರ್ಚು ಮಾಡಿದ ಮನೆಗಳಿಗೆ ಅದು ದೊಡ್ಡ ಆಸರೆಯಾದೀತು.