ಬ್ಲೇಡ್ ಸರ್ವರ್

ಬ್ಲೇಡ್ ಸರ್ವರ್ ಎಂಬುದು ತೆಳುವಾದ ಹಲಗೆಯ ಆಕಾರದಲ್ಲಿ ರೂಪಿಸಲಾದ ಸರ್ವರ್ ಗಣಕಯಂತ್ರ. ಕಪಾಟಿನಲ್ಲಿ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸುವಂತೆ ಇಂತಹ ಹಲವು ಹಲಗೆಗಳನ್ನು ಚಾಸಿಸ್ ಎಂಬ ಒಂದೇ ಲೋಹದ ಚೌಕಟ್ಟಿನಲ್ಲಿ ಜೋಡಿಸಲಾಗುತ್ತದೆ. ಪ್ರತಿ ಬ್ಲೇಡ್‌ನಲ್ಲಿ ಪ್ರೊಸೆಸರ್ ಮತ್ತು ಮೆಮೊರಿ ಇರುತ್ತವೆ. ವಿದ್ಯುತ್ ಪೂರೈಕೆ, ತಂಪುಗೊಳಿಸುವ ಫ್ಯಾನ್‌ಗಳು, ಜಾಲಸಂಪರ್ಕ ಮತ್ತು ಮೇಲ್ವಿಚಾರಣೆಯ ವ್ಯವಸ್ಥೆಯನ್ನು ಚಾಸಿಸ್ ಎಲ್ಲ ಬ್ಲೇಡ್‌ಗಳಿಗೂ ಸಮಾನವಾಗಿ ಒದಗಿಸುತ್ತದೆ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ ಮೊದಲಾದ ದೊಡ್ಡ ಸಂಸ್ಥೆಗಳ ದತ್ತಾಂಶ ಕೇಂದ್ರಗಳಲ್ಲಿ ಇವು ಬಳಕೆಯಲ್ಲಿವೆ.

ಹಳೆಯ ಊರುಗಳ ವಠಾರವನ್ನು ನೆನೆದರೆ ಈ ರಚನೆ ಸುಲಭವಾಗಿ ಅರ್ಥವಾಗುತ್ತದೆ. ವಠಾರದಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಆದ ಮನೆ, ತನ್ನದೇ ಆದ ಒಲೆ ಇರುತ್ತದೆ. ಬಾವಿ, ಅಂಗಳ ಮತ್ತು ತಲೆಬಾಗಿಲು ಮಾತ್ರ ಎಲ್ಲರಿಗೂ ಒಂದೇ. ಇದರಿಂದ ಜಾಗವೂ ಖರ್ಚೂ ಉಳಿಯುತ್ತವೆ. ಆದರೆ ಬಾವಿ ಬತ್ತಿದರೆ ಇಡೀ ವಠಾರಕ್ಕೆ ನೀರಿಲ್ಲ. ಬ್ಲೇಡ್ ವ್ಯವಸ್ಥೆಯ ಅನುಕೂಲ ಮತ್ತು ಅಪಾಯಗಳೆರಡೂ ಈ ಹಂಚಿಕೆಯಿಂದಲೇ ಹುಟ್ಟುತ್ತವೆ.

ಇತಿಹಾಸ

ಸರ್ವರ್‌ಗಳನ್ನು ಜೋಡಿಸುವ ರ‍್ಯಾಕ್‌ನ ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಅಳೆಯುತ್ತಾರೆ. 1 ಯು ಎಂದರೆ 1.75 ಅಂಗುಲ, ಅಂದರೆ 44.45 ಮಿಲಿಮೀಟರ್. ಸಾಮಾನ್ಯ ರ‍್ಯಾಕ್ 42 ಯು ಎತ್ತರವಿರುತ್ತದೆ. ಅದರಲ್ಲಿ 1 ಯು ದಪ್ಪದ ಸರ್ವರ್‌ಗಳನ್ನು ಹೆಚ್ಚೆಂದರೆ 42 ಇಡಬಹುದು. 1990ರ ದಶಕದ ಕೊನೆಯಲ್ಲಿ ಅಂತರಜಾಲದ ಬಳಕೆ ಬೆಳೆದಂತೆ ಈ ಮಿತಿ ಸಾಲದಾಯಿತು. ಪ್ರತಿ ಸರ್ವರ್‌ಗೂ ಪ್ರತ್ಯೇಕ ವಿದ್ಯುತ್ ತಂತಿ ಹಾಗೂ ಪ್ರತ್ಯೇಕ ಜಾಲದ ಕೇಬಲ್‌ಗಳಿದ್ದುದರಿಂದ ರ‍್ಯಾಕ್‌ನ ಹಿಂಬದಿ ತಂತಿಗಳ ಗೋಜಲಾಗುತ್ತಿತ್ತು.

ಕ್ರಿಸ್ಟೋಫರ್ ಹಿಪ್ ಮತ್ತು ಡೇವಿಡ್ ಕಿರ್ಕೆಬಿ 2000ದಲ್ಲಿ ಬ್ಲೇಡ್ ಸರ್ವರ್ ವಿನ್ಯಾಸಕ್ಕೆ ಪೇಟೆಂಟ್ ಕೋರಿದರು. ಅದನ್ನು ಆಧರಿಸಿ ಅಮೆರಿಕದ ಹ್ಯೂಸ್ಟನ್ ನಗರದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಸಂಸ್ಥೆಯು 2001ರಲ್ಲಿ ಬ್ಲೇಡ್ ಸರ್ವರ್‌ಗಳನ್ನು ಮಾರುಕಟ್ಟೆಗೆ ತಂದಿತು. 2002ರಲ್ಲಿ ಐಬಿಎಂ ಸಂಸ್ಥೆಯ ಬ್ಲೇಡ್‌ಸೆಂಟರ್ ಬಂತು. ಅದರ 7 ಯು ಚಾಸಿಸ್‌ನಲ್ಲಿ 14 ಬ್ಲೇಡ್‌ಗಳಿಗೆ ಸ್ಥಳವಿತ್ತು. 2006ರಲ್ಲಿ ಎಚ್‌ಪಿ ಸಂಸ್ಥೆಯು ಸಿ7000 ಎಂಬ 10 ಯು ಎತ್ತರದ ಚಾಸಿಸ್ ಹೊರತಂದಿತು. 2009ರಲ್ಲಿ ಜಾಲ ಉಪಕರಣಗಳಿಗೆ ಹೆಸರಾದ ಸಿಸ್ಕೊ ಸಂಸ್ಥೆಯು ಯುಸಿಎಸ್ ಎಂಬ ವ್ಯವಸ್ಥೆಯೊಂದಿಗೆ ಈ ಕ್ಷೇತ್ರಕ್ಕೆ ಪ್ರವೇಶಿಸಿತು. 2014ರಲ್ಲಿ ಐಬಿಎಂ ತನ್ನ ಎಕ್ಸ್86 ಸರ್ವರ್ ವ್ಯವಹಾರವನ್ನು ಲೆನೊವೊ ಸಂಸ್ಥೆಗೆ ಮಾರಿತು.

ರಚನೆ

ಬ್ಲೇಡ್: ಪ್ರತಿ ಬ್ಲೇಡ್ ಒಂದು ಪೂರ್ಣ ಗಣಕಯಂತ್ರ. ಅದರಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ಪ್ರೊಸೆಸರ್, ಮೆಮೊರಿ, ಒಂದೆರಡು ಸಣ್ಣ ಡಿಸ್ಕ್ ಮತ್ತು ಹೊರಜಗತ್ತಿನೊಂದಿಗೆ ಸಂಪರ್ಕ ಕಲ್ಪಿಸುವ ಅಡಾಪ್ಟರ್ ಕಾರ್ಡುಗಳಿರುತ್ತವೆ. ಕೆಟ್ಟ ಬ್ಲೇಡನ್ನು ಉಳಿದವುಗಳ ಕೆಲಸ ನಿಲ್ಲಿಸದೆಯೇ ಹೊರಗೆಳೆದು ಬೇರೊಂದನ್ನು ಕೂರಿಸಬಹುದು.

ಚಾಸಿಸ್: ಉದಾಹರಣೆಗೆ, ಸಿ7000 ಚಾಸಿಸ್‌ನಲ್ಲಿ 16 ಅರ್ಧ ಎತ್ತರದ ಅಥವಾ 8 ಪೂರ್ಣ ಎತ್ತರದ ಬ್ಲೇಡ್‌ಗಳನ್ನು ಇಡಬಹುದು. ಮುಂಬದಿಯ ಕೆಳಭಾಗದಲ್ಲಿ 6 ವಿದ್ಯುತ್ ಪೂರೈಕೆ ಘಟಕ, ಹಿಂಬದಿಯಲ್ಲಿ 10 ಫ್ಯಾನ್ ಹಾಗೂ ಜಾಲದ ಸ್ವಿಚ್‌ಗಳಿಗಾಗಿ 8 ಸ್ಥಾನಗಳಿರುತ್ತವೆ. 42 ಯು ರ‍್ಯಾಕ್‌ನಲ್ಲಿ ಇಂತಹ 4 ಚಾಸಿಸ್ ಹಿಡಿಸುವುದರಿಂದ ಒಟ್ಟು 64 ಸರ್ವರ್‌ಗಳಿಗೆ ಸ್ಥಳ ದೊರೆಯುತ್ತದೆ.

ಮಧ್ಯಫಲಕ: ಚಾಸಿಸ್‌ನ ನಡುವೆ ಇರುವ ಮಿಡ್‌ಪ್ಲೇನ್ ಎಂಬ ಫಲಕವು ಮುಂಬದಿಯ ಬ್ಲೇಡ್‌ಗಳನ್ನು ಹಿಂಬದಿಯ ಸ್ವಿಚ್ ಮತ್ತು ವಿದ್ಯುತ್ ಘಟಕಗಳೊಂದಿಗೆ ಬೆಸೆಯುತ್ತದೆ. ತಂತಿಗಳು ಕಡಿಮೆಯಾಗುವುದು ಇದರಿಂದಲೇ. ಈ ಫಲಕ ಕೆಡುವುದು ಅಪರೂಪ. ಕೆಟ್ಟರೆ ಚಾಸಿಸ್‌ನ ಎಲ್ಲ ಬ್ಲೇಡ್‌ಗಳೂ ಒಮ್ಮೆಗೇ ನಿಲ್ಲಬಹುದು. ಆದ್ದರಿಂದ ಒಂದೇ ಸೇವೆಯನ್ನು ನಡೆಸುವ ಬ್ಲೇಡ್‌ಗಳನ್ನು ಎರಡು ಚಾಸಿಸ್‌ಗಳಲ್ಲಿ ಹಂಚಿಡುವುದು ಉತ್ತಮ ಕ್ರಮ.

ವಿದ್ಯುತ್ ಮತ್ತು ತಂಪುಗೊಳಿಸುವಿಕೆ

ಬ್ಲೇಡ್‌ಗಳು ಒತ್ತಾಗಿ ಕುಳಿತಿರುವುದರಿಂದ ಸ್ವಲ್ಪ ಜಾಗದಲ್ಲಿ ಬಹಳ ಶಾಖ ಉತ್ಪತ್ತಿಯಾಗುತ್ತದೆ. ಪ್ರತಿ ಬ್ಲೇಡ್ 300 ವ್ಯಾಟ್ ಬಳಸಿದರೆ 16 ಬ್ಲೇಡ್‌ಗಳಿಗೆ 4,800 ವ್ಯಾಟ್ ಬೇಕು. ಈ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುವುದರಿಂದ ಕೊಠಡಿಯ ಹವಾನಿಯಂತ್ರಣಕ್ಕೆ ಅಷ್ಟನ್ನು ಹೊರಹಾಕುವ ಸಾಮರ್ಥ್ಯವಿರಬೇಕು.

2,400 ವ್ಯಾಟ್‌ನ ಆರು ವಿದ್ಯುತ್ ಘಟಕಗಳಿದ್ದರೆ ಒಟ್ಟು ಸಾಮರ್ಥ್ಯ 14,400 ವ್ಯಾಟ್ ಎಂದು ಎಣಿಸುವುದು ತಪ್ಪು. ಮೂರು ಘಟಕಗಳನ್ನು ಒಂದು ವಿದ್ಯುತ್ ಮಾರ್ಗಕ್ಕೂ ಉಳಿದ ಮೂರನ್ನು ಮತ್ತೊಂದು ಮಾರ್ಗಕ್ಕೂ ಜೋಡಿಸಿ, ಒಂದು ಮಾರ್ಗ ಸಂಪೂರ್ಣ ಕಡಿತಗೊಂಡರೂ ಕೆಲಸ ಸಾಗುವಂತೆ ಮಾಡುವುದು ರೂಢಿ. ಆಗ ನಂಬಬಹುದಾದ ಸಾಮರ್ಥ್ಯ 7,200 ವ್ಯಾಟ್ ಮಾತ್ರ. ಎರಡು ಮಾರ್ಗಗಳಿಗೂ ಯುಪಿಎಸ್ ಮತ್ತು ಡೀಸೆಲ್ ಜನರೇಟರ್‌ನ ಬೆಂಬಲ ಬೇಕು.

ಸಂಗ್ರಹಣೆ

ಬ್ಲೇಡ್‌ನೊಳಗೆ ಡಿಸ್ಕ್‌ಗಳಿಗೆ ಹೆಚ್ಚು ಸ್ಥಳವಿಲ್ಲ. ಆದ್ದರಿಂದ ಸಂಸ್ಥೆಯ ದತ್ತಾಂಶವನ್ನು ಪ್ರತ್ಯೇಕ ಸಂಗ್ರಹ ಉಪಕರಣದಲ್ಲಿಟ್ಟು, ಎಲ್ಲ ಬ್ಲೇಡ್‌ಗಳಿಗೂ ಅದು ದೊರೆಯುವಂತೆ ಮಾಡಲಾಗುತ್ತದೆ. ಇದಕ್ಕಾಗಿಯೇ ಮೀಸಲಾದ ಜಾಲವನ್ನು ಸ್ಯಾನ್ ಎನ್ನುತ್ತಾರೆ. ಫೈಬರ್ ಚಾನೆಲ್ ಎಂಬ ವಿಶೇಷ ಸಂಪರ್ಕ ಅಥವಾ ಸಾಮಾನ್ಯ ಈಥರ್‌ನೆಟ್ ಮೇಲೆ ಸಾಗುವ ಐಸ್ಕಸಿ ವಿಧಾನದಿಂದ ಇದನ್ನು ಕಟ್ಟಬಹುದು. ಪ್ರತಿ ಬ್ಲೇಡ್‌ನಿಂದ ಸಂಗ್ರಹ ಉಪಕರಣಕ್ಕೆ ಕನಿಷ್ಠ ಎರಡು ಪ್ರತ್ಯೇಕ ದಾರಿಗಳಿರಬೇಕು. ಒಂದು ಸ್ವಿಚ್ ಕೆಟ್ಟರೆ ಮತ್ತೊಂದರ ಮೂಲಕ ದತ್ತಾಂಶ ಹರಿಯುತ್ತದೆ.

ಡಿಸ್ಕ್ ಕೆಟ್ಟಾಗ ದತ್ತಾಂಶ ನಷ್ಟವಾಗದಂತೆ ರೇಡ್ ವಿಧಾನವನ್ನು ಅನುಸರಿಸುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಪ್ರಬಂಧದಲ್ಲಿ ಇದನ್ನು ವಿವರಿಸಿದರು. 4 ಟೆರಾಬೈಟ್‌ನ 8 ಡಿಸ್ಕ್‌ಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಅಂಶಕ್ಕೂ ಜೋಡಿ ಪ್ರತಿ ಇಡುವ ರೇಡ್ 10ರಲ್ಲಿ ಬಳಕೆಗೆ 16 ಟೆರಾಬೈಟ್ ಸಿಗುತ್ತದೆ. ಯಾವುದೇ ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಸುವ ರೇಡ್ 6ರಲ್ಲಿ 24 ಟೆರಾಬೈಟ್ ಸಿಗುತ್ತದೆ; ಆದರೆ ಬರೆಯುವ ವೇಗ ತಗ್ಗುತ್ತದೆ. ಸತತವಾಗಿ ವ್ಯವಹಾರ ದಾಖಲಾಗುವ ಲೆಕ್ಕಪತ್ರಗಳಿಗೆ ಮೊದಲನೆಯದೂ ಹಳೆಯ ಕಡತಗಳ ಸಂಗ್ರಹಕ್ಕೆ ಎರಡನೆಯದೂ ಹೊಂದುತ್ತವೆ.

ರೇಡ್ ಎಂಬುದು ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಮಾತ್ರ ಅದು ಕಾಪಾಡುತ್ತದೆ. ಸಿಬ್ಬಂದಿ ಕಣ್ತಪ್ಪಿನಿಂದ ಒಂದು ದಾಖಲೆಯನ್ನು ಅಳಿಸಿದರೆ ರೇಡ್ ಆ ಅಳಿಸುವಿಕೆಯನ್ನೂ ಎಲ್ಲ ಡಿಸ್ಕ್‌ಗಳಲ್ಲಿ ನಿಷ್ಠೆಯಿಂದ ನೆರವೇರಿಸುತ್ತದೆ. ಆದ್ದರಿಂದ ದತ್ತಾಂಶದ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮವನ್ನು ಪಾಲಿಸಲಾಗುತ್ತದೆ. ಆ ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆಯಬಹುದೇ ಎಂಬುದನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಅಷ್ಟೇ ಮುಖ್ಯ.

ವರ್ಚುವಲೀಕರಣ

ಒಂದೇ ಭೌತಿಕ ಸರ್ವರ್ ಮೇಲೆ ಹಲವು ಸ್ವತಂತ್ರ ಗಣಕಯಂತ್ರಗಳಿರುವಂತೆ ತೋರಿಸುವ ತಂತ್ರಕ್ಕೆ ವರ್ಚುವಲೀಕರಣ ಎಂದು ಹೆಸರು. ಹೀಗೆ ತೋರುವ ಪ್ರತಿಯೊಂದೂ ವರ್ಚುವಲ್ ಯಂತ್ರ. ಅವುಗಳನ್ನು ನಡೆಸುವ ತಂತ್ರಾಂಶ ಹೈಪರ್‌ವೈಸರ್. ಈ ಕಲ್ಪನೆ 1960ರ ದಶಕದ ಐಬಿಎಂ ದೊಡ್ಡಗಣಕಗಳಲ್ಲಿಯೇ ಇತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆಯು ಅದನ್ನು ಸಾಮಾನ್ಯ ಎಕ್ಸ್86 ಯಂತ್ರಗಳಿಗೆ ತಂದು, 2001ರಲ್ಲಿ ಸರ್ವರ್‌ಗಳಿಗಾಗಿ ಇಎಸ್‌ಎಕ್ಸ್ ತಂತ್ರಾಂಶವನ್ನು ಬಿಡುಗಡೆ ಮಾಡಿತು. 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನೆಲ್‌ನ ಭಾಗವಾಯಿತು. 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂತು. 2023ರಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ವಿಎಂವೇರನ್ನು ಖರೀದಿಸಿತು.

ಬ್ಲೇಡ್ ಮತ್ತು ವರ್ಚುವಲೀಕರಣ ಪರಸ್ಪರ ಪೂರಕ. ವರ್ಚುವಲ್ ಯಂತ್ರದ ಕಡತಗಳು ಹಂಚಿಕೆಯ ಸಂಗ್ರಹದಲ್ಲಿರುವುದರಿಂದ, ಚಾಲನೆಯಲ್ಲಿರುವ ಯಂತ್ರವನ್ನು ಒಂದು ಬ್ಲೇಡ್‌ನಿಂದ ಮತ್ತೊಂದಕ್ಕೆ, ಬಳಕೆದಾರರಿಗೆ ತಿಳಿಯದಂತೆ ಸ್ಥಳಾಂತರಿಸಬಹುದು. ಒಂದು ಬ್ಲೇಡ್ ಹಠಾತ್ತನೆ ನಿಂತರೆ ಅದರಲ್ಲಿದ್ದ ವರ್ಚುವಲ್ ಯಂತ್ರಗಳು ಉಳಿದ ಬ್ಲೇಡ್‌ಗಳಲ್ಲಿ ತಾವಾಗಿ ಪುನಃ ಆರಂಭಗೊಳ್ಳುವಂತೆ ವ್ಯವಸ್ಥೆ ಮಾಡಬಹುದು. ಈ ಎರಡನೆಯ ಸಂದರ್ಭದಲ್ಲಿ ಕೆಲವು ನಿಮಿಷಗಳ ಅಡಚಣೆ ತಪ್ಪದು.

ಸಾಮರ್ಥ್ಯದ ಲೆಕ್ಕಾಚಾರ: ಒಂದು ಉದಾಹರಣೆ

ಒಂದು ಸಂಸ್ಥೆಗೆ 60 ವರ್ಚುವಲ್ ಯಂತ್ರಗಳು ಬೇಕು. ಪ್ರತಿಯೊಂದಕ್ಕೆ 16 ಗಿಗಾಬೈಟ್ ಮೆಮೊರಿ, 4 ವರ್ಚುವಲ್ ಪ್ರೊಸೆಸರ್ ಮತ್ತು 200 ಗಿಗಾಬೈಟ್ ಸಂಗ್ರಹ ಬೇಕು ಎಂದು ಭಾವಿಸೋಣ.

* ಮೆಮೊರಿ: 60 × 16 = 960 ಗಿಗಾಬೈಟ್. ಪ್ರತಿ ಬ್ಲೇಡ್‌ನಲ್ಲಿ 256 ಗಿಗಾಬೈಟ್ ಇದ್ದು, ಹೈಪರ್‌ವೈಸರ್‌ಗೆ 16 ಬಿಟ್ಟರೆ 240 ಉಳಿಯುತ್ತದೆ. 960ನ್ನು 240ರಿಂದ ಭಾಗಿಸಿದರೆ 4 ಬ್ಲೇಡ್.
* ಬದಲಿ: ಒಂದು ಬ್ಲೇಡ್ ಕೆಟ್ಟರೂ ಕೆಲಸ ನಡೆಯಲು 5 ಬ್ಲೇಡ್ ಬೇಕು. ಆದರೆ ಕೆಟ್ಟಾಗ ಉಳಿದ ನಾಲ್ಕೂ ಅಂಚಿನವರೆಗೆ ತುಂಬಿಹೋಗುತ್ತವೆ. ಬೆಳವಣಿಗೆಗೂ ಎಡೆ ಇರಬೇಕಾದುದರಿಂದ 6 ಬ್ಲೇಡ್ ಸೂಕ್ತ.
* ಪ್ರೊಸೆಸರ್: 60 × 4 = 240. ಪ್ರತಿ ಬ್ಲೇಡ್‌ಗೆ 32 ಕೋರ್ ಇದ್ದರೆ 6 ಬ್ಲೇಡ್‌ಗಳಿಗೆ 192 ಕೋರ್. ಎಲ್ಲ ವರ್ಚುವಲ್ ಯಂತ್ರಗಳೂ ಏಕಕಾಲಕ್ಕೆ ಪೂರ್ಣ ಶ್ರಮಿಸುವುದು ವಿರಳವಾದ್ದರಿಂದ ಒಂದು ಕೋರ್‌ಗೆ 1.25 ವರ್ಚುವಲ್ ಪ್ರೊಸೆಸರ್ ಹಂಚುವುದು ತೊಂದರೆಯಲ್ಲ.
* ಸಂಗ್ರಹ: 60 × 200 = 12,000 ಗಿಗಾಬೈಟ್, ಅಂದರೆ 12 ಟೆರಾಬೈಟ್. ಮೇಲೆ ಹೇಳಿದ ರೇಡ್ 10ರ 16 ಟೆರಾಬೈಟ್ ಇದಕ್ಕೆ ಸಾಲುತ್ತದೆ.

ಸಂರಚನೆಯ ಹಂತಗಳು

1. ಚಾಸಿಸ್ಸನ್ನು ರ‍್ಯಾಕ್‌ನ ಕೆಳಭಾಗದಲ್ಲಿ ಕೂರಿಸುವುದು. ತುಂಬಿದ ದೊಡ್ಡ ಚಾಸಿಸ್‌ನ ತೂಕ 200 ಕಿಲೋಗ್ರಾಂ ಮೀರಬಹುದಾದ್ದರಿಂದ ನೆಲದ ಧಾರಣಶಕ್ತಿಯನ್ನು ಮೊದಲೇ ಪರಿಶೀಲಿಸಬೇಕು.
2. ವಿದ್ಯುತ್ ಘಟಕಗಳನ್ನು ಎರಡು ಮಾರ್ಗಗಳಿಗೆ ಹಂಚಿ ಜೋಡಿಸುವುದು.
3. ಮೇಲ್ವಿಚಾರಣಾ ಘಟಕಕ್ಕೆ ವಿಳಾಸ ನೀಡುವುದು, ತಯಾರಕರು ಇಟ್ಟ ಮೂಲ ಗುಪ್ತಪದವನ್ನು ಬದಲಿಸುವುದು.
4. ಎಲ್ಲ ಘಟಕಗಳ ಫರ್ಮ್‌ವೇರನ್ನು ಪರಸ್ಪರ ಹೊಂದುವ ಆವೃತ್ತಿಗೆ ತರುವುದು.
5. ಮೇಲ್ವಿಚಾರಣೆ, ಬಳಕೆದಾರರು ಮತ್ತು ಸಂಗ್ರಹಣೆಗೆ ಪ್ರತ್ಯೇಕ ಜಾಲಗಳನ್ನು ರೂಪಿಸುವುದು.
6. ಪ್ರತಿ ಬ್ಲೇಡ್‌ಗೆ ಜಾಲದ ಗುರುತನ್ನು ನಿಗದಿಪಡಿಸುವುದು. ಗುರುತು ಬ್ಲೇಡ್‌ಗಲ್ಲದೆ ಸ್ಥಾನಕ್ಕೆ ಸೇರುವಂತೆ ಮಾಡಿದರೆ, ಬದಲಿ ಬ್ಲೇಡ್ ಬಂದಾಗ ಮತ್ತೆ ಎಲ್ಲವನ್ನೂ ಹೊಂದಿಸಬೇಕಾಗುವುದಿಲ್ಲ.
7. ಸಂಗ್ರಹ ಉಪಕರಣದಲ್ಲಿ ಭಾಗಗಳನ್ನು ಮಾಡಿ, ಅವು ಆಯಾ ಬ್ಲೇಡ್‌ಗಳಿಗೆ ಮಾತ್ರ ಕಾಣುವಂತೆ ನಿರ್ಬಂಧಿಸುವುದು.
8. ಹೈಪರ್‌ವೈಸರ್ ಸ್ಥಾಪಿಸಿ ಬ್ಲೇಡ್‌ಗಳನ್ನು ಒಂದು ಗುಂಪಾಗಿ ಸೇರಿಸುವುದು.
9. ಸೇವೆ ಆರಂಭಿಸುವ ಮುನ್ನ ಒಂದು ವಿದ್ಯುತ್ ಮಾರ್ಗ, ಒಂದು ಸ್ವಿಚ್, ಒಂದು ಬ್ಲೇಡನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಿ ಪರೀಕ್ಷಿಸುವುದು.

ಒಂಬತ್ತನೆಯ ಹಂತವನ್ನು ಕೈಬಿಟ್ಟರೆ, ಬದಲಿ ವ್ಯವಸ್ಥೆ ಇದೆಯೆಂಬುದು ಕಾಗದದ ಮೇಲಿನ ಮಾತಾಗಿ ಉಳಿಯುವ ಅಪಾಯವಿದೆ.

ಕರ್ನಾಟಕದಲ್ಲಿ ಕೇಂದ್ರೀಕೃತ ಗಣಕ ವ್ಯವಸ್ಥೆ

ಸರ್ವರ್‌ಗಳನ್ನು ಎಲ್ಲಿ, ಹೇಗೆ ಇಡಬೇಕೆಂಬ ಪ್ರಶ್ನೆ ಸಾಮಾನ್ಯ ಜನರ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಕರ್ನಾಟಕದ ಭೂಮಿ ಯೋಜನೆ ಉತ್ತಮ ಉದಾಹರಣೆ. ಅದಕ್ಕೂ ಮೊದಲು ಜಮೀನಿನ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪುಸ್ತಕಗಳಲ್ಲಿದ್ದವು. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ದೊರೆಯುತ್ತಿತ್ತು.

ಮೊದಲಿಗೆ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಪ್ರತ್ಯೇಕ ಸರ್ವರ್ ಇತ್ತು. ನಂತರದ ವರ್ಷಗಳಲ್ಲಿ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ಕಚೇರಿಗಳನ್ನು ಕೆ-ಸ್ವಾನ್ ಎಂಬ ರಾಜ್ಯವ್ಯಾಪಿ ಜಾಲ ಬೆಸೆಯಿತು. ಇಂದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯ ರೈತರು ಪಹಣಿಗಾಗಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಲಿ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಹೋಬಳಿಯ ನಾಡಕಚೇರಿಯಲ್ಲಿ ಅಥವಾ ಅಂತರಜಾಲದಲ್ಲಿ ಪಡೆಯಬಹುದು.

ಈ ಬದಲಾವಣೆಗೆ ಎರಡು ಮುಖಗಳಿವೆ. ತಾಲ್ಲೂಕಿನ ಸರ್ವರ್ ಕೆಟ್ಟರೆ ಆ ಒಂದು ತಾಲ್ಲೂಕಿನ ಕೆಲಸ ನಿಲ್ಲುತ್ತಿತ್ತು. ಕೇಂದ್ರದ ಸರ್ವರ್ ನಿಂತರೆ ರಾಜ್ಯದ ಎಲ್ಲ ನಾಡಕಚೇರಿಗಳಲ್ಲೂ ಒಮ್ಮೆಗೇ ‘ಸರ್ವರ್ ಡೌನ್’ ಎಂಬ ಮಾತು ಕೇಳಿಬರುತ್ತದೆ. ವರ್ಷದಲ್ಲಿ ಶೇ. 99.9ರಷ್ಟು ಕಾಲ ಲಭ್ಯವಿರುವ ವ್ಯವಸ್ಥೆ ಎಂದರೂ ಸುಮಾರು 8 ಗಂಟೆ 45 ನಿಮಿಷ ಅದು ಇರುವುದಿಲ್ಲ. ಆ ಅವಧಿ ನಡುರಾತ್ರಿಯಲ್ಲಿ ಬಂದರೆ ಯಾರಿಗೂ ತಿಳಿಯದು. ಬೆಳೆಸಾಲದ ಕೊನೆಯ ದಿನ ಬಂದರೆ ಕೂಲಿ ಬಿಟ್ಟು ಬಂದವರ ಒಂದು ದಿನದ ದುಡಿಮೆ ಹೋಗುತ್ತದೆ. ಬದಲಿ ಬ್ಲೇಡ್, ಎರಡನೆಯ ವಿದ್ಯುತ್ ಮಾರ್ಗ, ಬೇರೆಡೆಯಲ್ಲಿರುವ ಪ್ರತಿ ಇವೆಲ್ಲಕ್ಕೂ ಮಾಡುವ ವೆಚ್ಚವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಹೋಬಳಿಯ ತುದಿಯಲ್ಲಿ ವಿದ್ಯುತ್ ಅಥವಾ ಜಾಲಸಂಪರ್ಕ ಕಡಿದರೂ ಫಲ ಒಂದೇ ಆದ್ದರಿಂದ, ದತ್ತಾಂಶ ಕೇಂದ್ರವೊಂದನ್ನೇ ಬಲಪಡಿಸಿದರೆ ಸಾಲದು.

ಬ್ಲೇಡ್ ವಿನ್ಯಾಸವು ವೈಜ್ಞಾನಿಕ ಗಣನೆಯಲ್ಲಿಯೂ ಬಳಕೆಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಹಸ್ರಟಿ ಸೂಪರ್‌ಕಂಪ್ಯೂಟರ್ ಕ್ರೇ ಎಕ್ಸ್‌ಸಿ40 ಮಾದರಿಯದು. ಅದರಲ್ಲಿ ಒಂದೊಂದು ಬ್ಲೇಡ್ ಮೇಲೆ ನಾಲ್ಕು ಗಣನಾ ಘಟಕಗಳನ್ನು ಕೂರಿಸಲಾಗುತ್ತದೆ.

ಅನುಕೂಲಗಳು ಮತ್ತು ಮಿತಿಗಳು

ಕಡಿಮೆ ಜಾಗ, ಕಡಿಮೆ ತಂತಿ, ಬೇಗನೆ ಬದಲಿಸುವ ಸೌಲಭ್ಯ ಮತ್ತು ಒಂದೇ ಕಡೆಯಿಂದ ಮೇಲ್ವಿಚಾರಣೆ ಇವು ಬ್ಲೇಡ್‌ನ ಮುಖ್ಯ ಅನುಕೂಲಗಳು. ಒಂದು ತಯಾರಕರ ಚಾಸಿಸ್‌ನಲ್ಲಿ ಇನ್ನೊಬ್ಬರ ಬ್ಲೇಡ್ ಕೂರುವುದಿಲ್ಲ ಎಂಬುದು ದೊಡ್ಡ ಮಿತಿ. ಒಮ್ಮೆ ಕೊಂಡ ಸಂಸ್ಥೆ ಬಹಳ ವರ್ಷ ಅದೇ ತಯಾರಕರನ್ನು ಅವಲಂಬಿಸಬೇಕಾಗುತ್ತದೆ. ಚಾಸಿಸ್‌ನ ಆರಂಭಿಕ ವೆಚ್ಚ ಹೆಚ್ಚಿರುವುದರಿಂದ ನಾಲ್ಕೈದು ಸರ್ವರ್ ಸಾಕಾಗುವ ಪತ್ತಿನ ಸಹಕಾರ ಸಂಘಕ್ಕಾಗಲಿ ಕಾಲೇಜಿಗಾಗಲಿ ಸಾಮಾನ್ಯ ರ‍್ಯಾಕ್ ಸರ್ವರ್‌ಗಳೇ ಮಿತವ್ಯಯಕರ. ಡಿಸ್ಕ್‌ಗಳನ್ನು ಸರ್ವರ್‌ನೊಳಗೇ ಇಟ್ಟು ತಂತ್ರಾಂಶದಿಂದ ಬೆಸೆಯುವ ವಿಧಾನ ಹಾಗೂ ಬಾಡಿಗೆಗೆ ದೊರೆಯುವ ಕ್ಲೌಡ್ ಸೇವೆಗಳು ಕೂಡ ಬ್ಲೇಡ್‌ಗೆ ಪರ್ಯಾಯವಾಗಿ ಬೆಳೆದಿವೆ.

ಇವನ್ನೂ ನೋಡಿ

* ದತ್ತಾಂಶ ಕೇಂದ್ರ
* ಹೈಪರ್‌ವೈಸರ್
* ರೇಡ್
* ಭೂಮಿ ಯೋಜನೆ
* ಗುಬ್ಬಿ ತಾಲ್ಲೂಕು